ಅಪ್‌ಡೇಟ್: ಕನಸಿನಲ್ಲಿ ಚೆಂಡೆ, ಕೈಯಲ್ಲಿ ಬ್ಯಾಂಕ್ ಕೆಲಸ

"ಕನಸಲ್ಲಿ ಪದೇ ಪದೇ ಚೆಂಡೆ ಕೇಳ್ತದೆ, ಇದು ದೇವರ ಸೂಚನೆಯಾ? ಬ್ಯಾಂಕ್ ಬಿಟ್ಟು ಯಕ್ಷಗಾನ ಹಿಮ್ಮೇಳದಲ್ಲಿ ಚೆಂಡೆ ಬಾರಿಸ್ಲಿಕ್ಕೆ ಹೋಗ್ಲಾ?" ಅಂತ ಇಲ್ಲಿ ಹಿಂದೆ ಕೇಳಿದ್ದೆ. ನೀವು ಹೇಳಿದ ಹಾಗೆ 40 ದಿನ ಕನಸುಗಳನ್ನು ಬರೆದಿಟ್ಟೆ.

ಎದ್ದ ಕೂಡಲೇ, ಮೊಬೈಲ್ ಮುಟ್ಟುವ ಮೊದಲೇ ಬರೆಯಬೇಕು. ಒಂದು ವಾಟ್ಸಾಪ್ ಮೆಸೇಜ್ ನೋಡಿದರೂ ಅರ್ಧ ಕನಸು ಹೋಯ್ತು. ಪುಟದ ಎಡಕ್ಕೆ ಕನಸು, ಬಲಕ್ಕೆ ಹಿಂದಿನ ದಿನ ಕಂಡದ್ದು, ಕೇಳಿದ್ದು. ಈ ಬಲಭಾಗ ಬಿಟ್ಟರೆ ಇಡೀ ಲೆಕ್ಕವೇ ದಂಡ: ಚೆಂಡೆ ಬಂದದ್ದು 11 ಸಲ, ಅದರಲ್ಲಿ 8 ಸಲ ಹಿಂದಿನ ದಿನ ಆಟ (ಯಕ್ಷಗಾನ ಪ್ರದರ್ಶನ) ನೋಡಿದ್ದು ಉಂಟು. ಹಾಗಾಗಿ ಅದು ಅಪ್ಪಣೆಯಲ್ಲ, ಆಸೆಯ ಪ್ರತಿಧ್ವನಿ. ಆಸೆ ಸುಳ್ಳು ಅಂತಲೂ ಅಲ್ಲ.

ಆ ಆಸೆಗೊಂದು ಯೋಜನೆ ಬೇಕು. ಅದಕ್ಕೆ ಮಾದರಿ ಉಡುಪಿ ರಥಬೀದಿಯಲ್ಲೇ ಉಂಟಲ್ಲ ಮಾರಾಯ್ರೇ! ಕೃಷ್ಣ ಮಠದ ಪೂಜೆಯ ಹೊಣೆ ಅಷ್ಟಮಠಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯ ಎರಡು ವರ್ಷಕ್ಕೊಮ್ಮೆ, ಜನವರಿ 18ಕ್ಕೆ. ಆದರೆ ಅದರ ತಯಾರಿಯ ಬಾಳೆ ಮುಹೂರ್ತ (ಬಾಳೆ ಗಿಡ ನೆಡುವುದು) ವರ್ಷಕ್ಕೂ ಮೊದಲೇ. ಆಮೇಲೆ ಅಕ್ಕಿ, ಕಟ್ಟಿಗೆ, ಭತ್ತದ ಮುಹೂರ್ತಗಳು. ಸಂಕಲ್ಪ ಎಷ್ಟೇ ದೊಡ್ಡದಿರಲಿ, ಊಟದ ಎಲೆಗೆ ಗಿಡ ಮೊದಲೇ ನೆಡಬೇಕು.

ನನ್ನ ಬಾಳೆ ಮುಹೂರ್ತ: ವಾರಕ್ಕೆ ಎರಡು ಚೆಂಡೆ ತರಗತಿ, ದಿನಾ 30 ನಿಮಿಷ ಕೈಯಲ್ಲೇ ತಾಳ ಹಾಕುವುದು: ಏಕ, ರೂಪಕ, ಝಂಪೆ, ಅಷ್ಟ ತಾಳ ಹೀಗೆ. ತಾಳ ಕೂರುವ ಮೊದಲು ಚೆಂಡೆ ಖರೀದಿ ಬೇಡ. ದುಡ್ಡು ಕೊಟ್ಟದ್ದೇ ಸಾಧನೆ ಅನಿಸಿಬಿಡ್ತದೆ. ನನ್ನ ಅಕ್ಕಿ ಮುಹೂರ್ತ: 6 ತಿಂಗಳ ಮನೆಖರ್ಚು ಬೇರೆ ಖಾತೆಯಲ್ಲಿ.

ವೃತ್ತಿಪರ ಮೇಳ ಸೇರಿದರೆ ಊರೂರು ತಿರುಗಾಟ ಪತ್ತನಾಜೆವರೆಗೆ (ಮೇ ಕೊನೆಗೆ ಬರುವ ತುಳುನಾಡಿನ ದಿನ), ರಾತ್ರಿ ಆಟ. ಬೆಳಿಗ್ಗೆ ಕೌಂಟರಿನಲ್ಲಿ ಕೂರುವುದು ಆಗುವ ಮಾತಲ್ಲ. ಸದ್ಯ ಕೆಲಸ ಬಿಟ್ಟಿಲ್ಲ. ಹವ್ಯಾಸಿ ತಂಡದ ಶನಿವಾರದ ಆಟಗಳಿಗೆ ಮಾತ್ರ ಹೋಗುವುದು.