ಸಂಡೇ ಬಜಾರಿನಲ್ಲಿ ಸಿಕ್ಕ ಹಳೆಯ ಕ್ಷೌರದ ಕತ್ತಿ: ಒಳ್ಳೆಯದಾ? ಮಸೆಯುವುದು ಹೇಗೆ?

ಪ್ರಶ್ನೆ:
ಬೆಂಗಳೂರಿನ ಸಂಡೇ ಬಜಾರಿನಲ್ಲಿ ಮಡಚುವ ಹಳೆಯ ಕ್ಷೌರದ ಕತ್ತಿ ಒಂದು ಸಿಕ್ಕಿದೆ. ಅಲಗಿನ ಬುಡದಲ್ಲಿ ‘ಸೋಲಿಂಗನ್, ಜರ್ಮನಿ’ ಎಂಬ ಮುದ್ರೆ ಇದೆ. ಅಲ್ಲಲ್ಲಿ ತುಕ್ಕು, ಬಾಯಿ ಪೂರ್ತಿ ಮೊಂಡು. ಕತ್ತಿ ಒಳ್ಳೆಯದೋ ಅಲ್ಲವೋ ಅಂತ ನೋಡುವುದು ಹೇಗೆ? ಬೀದಿಯಲ್ಲಿ ಬರುವ ಸಾಣೆಯವರಿಗೆ ಕೊಡಬಹುದಾ, ಮನೆಯಲ್ಲೇ ಮಸೆಯಬೇಕಾ? ಬಳಸಿ ಗೊತ್ತಿರುವವರು ದಯವಿಟ್ಟು ಹೇಳಿ.

ಉತ್ತರ:
ಮೊದಲು ಸಾಣೆ ವಿಷಯ. ಸೈಕಲ್ ಸಾಣೆಗೆ ಮಾತ್ರ ಕೊಡಬೇಡಿ. ಚಾಕು, ಕತ್ತರಿಗೆ ಅವರ ಕೈ ಚೆನ್ನಾಗಿರುತ್ತದೆ. ಆದರೆ ಈ ಕತ್ತಿಯ ಬಾಯಿ ತೀರಾ ತೆಳು. ತಿರುಗುವ ಒಣ ಚಕ್ರಕ್ಕೆ ತಾಗಿದರೆ ತಕ್ಷಣ ಬಿಸಿಯಾಗಿ ಉಕ್ಕಿನ ಹದ ಹೋಗುತ್ತದೆ. ಒಮ್ಮೆ ನೀಲಿಗಟ್ಟಿದ ಜಾಗದಲ್ಲಿ ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ.

ಇನ್ನು ಮುದ್ರೆ. ಸೋಲಿಂಗನ್ ಕತ್ತಿ, ಚಾಕುಗಳಿಗೆ ಹೆಸರಾದ ಊರು. ಆ ಹೆಸರನ್ನು ಬೇರೆಯವರು ಹಾಕಿಕೊಳ್ಳಬಾರದು ಅಂತ ಜರ್ಮನಿಯಲ್ಲಿ 1938ರಲ್ಲೇ ಕಾನೂನು ಬಂದಿದೆ. ಆದರೂ ಹೊರಗೆ ನಕಲಿ ಮುದ್ರೆ ಬೇಕಾದಷ್ಟು ಸಿಗುತ್ತವೆ. ದೇಶದ ಹೆಸರಿನಿಂದ ಕಾಲವನ್ನು ಸ್ವಲ್ಪ ಅಂದಾಜು ಮಾಡಬಹುದು. ಅಮೆರಿಕಕ್ಕೆ ಬರುವ ಸಾಮಾನಿನ ಮೇಲೆ ತಯಾರಾದ ದೇಶದ ಹೆಸರು ಇರಲೇಬೇಕು ಅಂತ ಅಲ್ಲಿ 1890ರಲ್ಲಿ ಸುಂಕದ ಕಾಯ್ದೆ ಮಾಡಿದರು. ಹಾಗಾಗಿ ‘ಜರ್ಮನಿ’ ಅಂತ ಇರುವ ಕತ್ತಿ ಬಹುಪಾಲು ಅದರ ಈಚಿನದು. ಬರೀ ಇಷ್ಟೇ ಮುದ್ರೆಯಿಂದ ಇದಕ್ಕಿಂತ ಜಾಸ್ತಿ ತಿಳಿಯುವುದು ಕಷ್ಟ. ಕತ್ತಿಯನ್ನೇ ನೋಡಬೇಕು.

ಒಂದು ದಪ್ಪ ಗಾಜಿನ ಮೇಲೆ ಅಲಗನ್ನು ಮಲಗಿಸಿ. ಒಂದು ತುದಿ ಮೆಲ್ಲಗೆ ಒತ್ತಿದಾಗ ಇನ್ನೊಂದು ತುದಿ ಎದ್ದರೆ ಅಲಗು ತಿರುಚಿದೆ ಅಂತ ಅರ್ಥ. ಅಂಥದ್ದನ್ನೂ ಮಸೆಯಬಹುದು, ಆದರೆ ಕಲಿಯುವವರಿಗೆ ಬೇಡ. ಆಮೇಲೆ ಬೆನ್ನು ನೋಡಿ. ಹಿಂದಿನವರು ಮಸೆದು ಸವೆದ ಚಪ್ಪಟೆ ಪಟ್ಟಿ ಅಲ್ಲಿ ಕಾಣುತ್ತದೆ. ಎರಡೂ ಪಕ್ಕ, ಉದ್ದಕ್ಕೂ ಒಂದೇ ಅಗಲ ಇದ್ದರೆ ಕತ್ತಿ ಒಳ್ಳೆಯ ಕೈಯಲ್ಲಿತ್ತು. ನನ್ನ ಮಟ್ಟಿಗೆ ಯಾವ ಹೆಸರಿಗಿಂತಲೂ ಈ ಗುರುತು ದೊಡ್ಡದು. ಬೆನ್ನಿನ ಹತ್ತಿರದ ತುಕ್ಕಿನಿಂದ ತೊಂದರೆಯಿಲ್ಲ. ಬಾಯಿಗೆ ತೀರಾ ಹತ್ತಿರ ಕರಿ ಗುಂಡಿಗಳಿದ್ದರೆ ಮಾತ್ರ ಕಷ್ಟ. ಮಸೆಯುತ್ತಾ ಹೋದಂತೆ ಬಾಯಿ ಆ ಗುಂಡಿಯನ್ನು ಮುಟ್ಟಿ ಅಲ್ಲೇ ಮುಕ್ಕಾಗುತ್ತದೆ. ಭೂತಗನ್ನಡಿಯಲ್ಲಿ ಬಿರುಕು ಕಂಡರೆ ಆ ಕತ್ತಿಯನ್ನು ಮುಖಕ್ಕೆ ಹಚ್ಚಲೇಬೇಡಿ. ಹಿಡಿ ಸೆಲ್ಯುಲಾಯ್ಡ್ ಆಗಿದ್ದು, ಮಡಚಿದಾಗ ಒಳಗೆ ಕೂರುವ ಭಾಗದಲ್ಲೇ ತುಕ್ಕು ಗುಂಪುಗಟ್ಟಿದ್ದರೆ, ಆ ಹಿಡಿ ಕೆಟ್ಟು ಆಮ್ಲದ ಆವಿ ಬಿಡುತ್ತಿದೆ. ಹಿಡಿ ಬದಲಿಸದೆ ಇದ್ದರೆ ತುಕ್ಕು ಮತ್ತೆ ಬರುತ್ತದೆ.

ಮಸೆಯುವುದಕ್ಕೆ 1000, 4000, 8000 ನಂಬರಿನ ನೀರುಗಲ್ಲು, ಅಂದರೆ ನೀರು ಹಾಕಿ ಮಸೆಯುವ ಕಲ್ಲು ಸಾಕು. ನಂಬರ್ ಹೆಚ್ಚಿದಷ್ಟೂ ಕಲ್ಲು ನಯ. 12000 ಇದ್ದರೆ ಇನ್ನೂ ನಯ. ಕಲ್ಲು ಮೊದಲು ಸಮತಟ್ಟಾಗಿರಲಿ. ಮೇಲೆ ಪೆನ್ಸಿಲ್ ಗೆರೆ ಹಾಕಿ, ಗಾಜಿನ ಮೇಲೆ ನೀರುಕಾಗದ (ನೀರು ಹಾಕಿ ಉಜ್ಜುವ ಮರಳು ಕಾಗದ) ಇಟ್ಟು, ಎಲ್ಲಾ ಗೆರೆ ಅಳಿಸುವ ತನಕ ಉಜ್ಜಿ. ಕತ್ತಿಯನ್ನು ಯಾವ ಕೋನದಲ್ಲಿ ಹಿಡಿಯಬೇಕು ಅಂತ ತಲೆ ಕೆಡಿಸಿಕೊಳ್ಳಬೇಡಿ. ಬೆನ್ನು, ಬಾಯಿ ಎರಡನ್ನೂ ಕಲ್ಲಿಗೆ ತಾಗಿಸಿಟ್ಟರೆ ಕೋನ ತಾನಾಗಿ ಬರುತ್ತದೆ. ಬಾಯಿ ಮುಂದಾಗಿ ತಳ್ಳಿ, ಕಲ್ಲಿನ ಕೊನೆಯಲ್ಲಿ ಬೆನ್ನಿನ ಮೇಲೆ ಮಗುಚಿ, ವಾಪಸ್ ಎಳೆಯಿರಿ. ಕತ್ತಿಯ ಭಾರಕ್ಕಿಂತ ಸ್ವಲ್ಪ ಜಾಸ್ತಿ ಒತ್ತಡ ಸಾಕು, ಕೊನೆಗೆ ಅದೂ ಬೇಡ.

ನಿಜವಾದ ಕೆಲಸ ಎಲ್ಲಾ 1000ದ ಕಲ್ಲಿನ ಮೇಲೆಯೇ. ಎರಡು ಪಕ್ಕದ ಇಳಿಜಾರುಗಳು, ಅಂದರೆ ಬೆವೆಲ್, ಬಾಯಿಯ ಉದ್ದಕ್ಕೂ ಒಂದೇ ಗೆರೆಯಲ್ಲಿ ಕೂಡಬೇಕು. ಕೂಡಿದೆಯಾ ಅಂತ ನೋಡಲು ಬಾಯಿಯ ಅಂಚಿಗೆ ಮಾರ್ಕರ್ ಮಸಿ ಹಚ್ಚಿ ನಾಲ್ಕೈದು ಸಲ ಎಳೆಯಿರಿ. ಮಸಿ ಉಳಿದ ಕಡೆ ಕಲ್ಲು ತಾಗಿಲ್ಲ. ಮಸೆಯುವಾಗ ನೀರನ್ನೂ ಗಮನಿಸಿ. ಬಾಯಿ ಸರಿಯಾಗಿ ಕೂತಿದ್ದರೆ ಮುಂದಿನ ನೀರು ತೆಳುವಾಗಿ ಅಲಗಿನ ಮೇಲೆ ಹತ್ತುತ್ತದೆ. ಕೂರದ ಕಡೆ ಅಡಿಯಿಂದ ನುಸುಳಿ ಹೋಗುತ್ತದೆ. ಕೊನೆಗೆ ದೀಪದ ಕೆಳಗೆ ಬಾಯಿಯನ್ನು ಮೇಲಕ್ಕೆ ಹಿಡಿದು ನೇರ ನೋಡಿ. ಎಲ್ಲಾದರೂ ಚುಕ್ಕಿಯಂತೆ ಮಿಂಚಿದರೆ ಅಲ್ಲಿ ಇನ್ನೂ ಮೊಂಡು ಇದೆ. ಹರಿತ ಬಾಯಿ ಬೆಳಕನ್ನು ಹಿಂದಕ್ಕೆ ಹೊಡೆಯುವುದಿಲ್ಲ. ಮುಂಗೈ ಕೂದಲು ಚರ್ಮದ ಮಟ್ಟದಲ್ಲಿ, ಬುಡದಿಂದ ತುದಿವರೆಗೂ ಎಳೆತವಿಲ್ಲದೆ ಕತ್ತರಿಸಿದರೆ 4000ಕ್ಕೆ ಹೋಗಿ. ಇಲ್ಲಿ ಅವಸರ ಮಾಡಿದರೆ 12000ದ ಕಲ್ಲು ಮೊಂಡು ಬಾಯಿಗೇ ಹೊಳಪು ಕೊಡುತ್ತದೆ ಅಷ್ಟೆ.

ಇನ್ನೊಬ್ಬರ ಉತ್ತರ:
ನಮ್ಮದು ಸಲೂನ್ ಮನೆತನ. ಮೇಲೆ ಸರ್ ಹೇಳಿದ್ದೆಲ್ಲಾ ಸರಿ. ಕಲ್ಲಿನ ಕೆಲಸ ಮುಗಿದ ಮೇಲೆ ಬಾಯಿಯನ್ನು ಎಳೆದು ನಯ ಮಾಡುವ ಚರ್ಮದ ಪಟ್ಟಿ ಬಗ್ಗೆ ನಾನು ಸ್ವಲ್ಪ ಸೇರಿಸುತ್ತೇನೆ. ಕಲ್ಲಿನ ಮೇಲೆ ಬಾಯಿ ಮುಂದೆ, ಪಟ್ಟಿಯ ಮೇಲೆ ಬೆನ್ನು ಮುಂದೆ. ಉಲ್ಟಾ ಆದರೆ ಪಟ್ಟಿ ಕೊಯ್ದುಹೋಗುತ್ತದೆ. ಪಟ್ಟಿಯನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ಜೋತುಬಿದ್ದರೆ ಬಾಯಿ ದುಂಡಗಾಗುತ್ತದೆ. ತಿರುಗಿಸುವಾಗ ಯಾವಾಗಲೂ ಬೆನ್ನಿನ ಮೇಲೆ. ಪ್ರತಿ ಸಲ ಶೇವ್ ಮಾಡುವ ಮುಂಚೆ ಮೊದಲು ಬಟ್ಟೆ ಪಟ್ಟಿ, ಆಮೇಲೆ ಚರ್ಮ. ಇದನ್ನು ತಪ್ಪದೆ ಮಾಡಿದರೆ ಕಲ್ಲು ಮುಟ್ಟುವ ಕೆಲಸ ತಿಂಗಳುಗಟ್ಟಲೆ ಬರುವುದಿಲ್ಲ. ಎಳೆತ ಶುರುವಾದರೆ ಹಸಿರು ಕ್ರೋಮಿಯಂ ಆಕ್ಸೈಡ್ ಪೇಸ್ಟ್ ಹಚ್ಚಿದ ಬೇರೆ ಪಟ್ಟಿಯ ಮೇಲೆ ಹತ್ತಾರು ಸಲ ಎಳೆಯಿರಿ.

ಒಂದು ಮಾತು ದಯವಿಟ್ಟು ಕೇಳಿ. ನಮ್ಮ ಅಂಗಡಿಯಲ್ಲಿ ಈಗ ಗಿರಾಕಿಗೊಂದು ಹೊಸ ಅರ್ಧ ಬ್ಲೇಡ್. ರಕ್ತದಿಂದ ಸೋಂಕು ಹರಡುತ್ತದೆ, ಅದಕ್ಕೆ. ನಿಮ್ಮ ಕತ್ತಿ ಎಷ್ಟು ಮುಖ ನೋಡಿದೆಯೋ ಯಾರಿಗೆ ಗೊತ್ತು. ಸೋಪು ನೀರಿನಲ್ಲಿ ತೊಳೆದು, ಸ್ಪಿರಿಟ್‌ನಲ್ಲಿ ಒರೆಸಿ. ಆಮೇಲೂ ನೀವೊಬ್ಬರೇ ಬಳಸಿ. ಇಡುವಾಗ ಪೂರ್ತಿ ಒಣಗಿಸಿ, ಒಂದು ಹನಿ ಮೆಷಿನ್ ಎಣ್ಣೆ ಸವರಿ. ಕರಾವಳಿ ಕಡೆಯವರಂತೂ ಮಳೆಗಾಲದಲ್ಲಿ ಬಚ್ಚಲಲ್ಲಿ ಇಡಲೇಬಾರದು.

ಕೇಳಿದವರು:
ಇಬ್ಬರಿಗೂ ತುಂಬಾ ಧನ್ಯವಾದ. ಗಾಜಿನ ಮೇಲೆ ಅಲಗು ಆಡುತ್ತಿಲ್ಲ, ಬಿರುಕೂ ಇಲ್ಲ. 1000ದ ಕಲ್ಲಿನಲ್ಲಿ ಶುರು ಮಾಡಿದ್ದೇನೆ. ಬುಡದ ಕಡೆ ಸುಮಾರು ಒಂದು ಸೆಂಟಿಮೀಟರ್ ಮಾತ್ರ ಮಸಿ ಹಾಗೇ ಉಳಿಯುತ್ತಿದೆ. ಅಲ್ಲಿ ಒತ್ತಿ ಮಸೆಯಲಾ?

ಮೊದಲು ಉತ್ತರಿಸಿದವರು:
ಒತ್ತಬೇಡಿ. ಬುಡದ ಹತ್ತಿರ ಅಲಗು ದಪ್ಪಗಾಗುವ ಜಾಗ ಇದೆಯಲ್ವಾ, ಆ ದಪ್ಪ ಭಾಗ ಕಲ್ಲಿನ ಮೇಲೆ ಹತ್ತಿ ಬಾಯಿಯನ್ನು ಎತ್ತುತ್ತಿರಬಹುದು. ಆ ಭಾಗ ಕಲ್ಲಿನ ಅಂಚಿನಿಂದ ಹೊರಗೆ ಇರುವಂತೆ ಕತ್ತಿಯನ್ನು ಪಕ್ಕಕ್ಕೆ ಸರಿಸಿ. ಬುಡ ಸ್ವಲ್ಪ ಮುಂದೆ, ತುದಿ ಸ್ವಲ್ಪ ಹಿಂದೆ ಇರುವಂತೆ ಓರೆಯಾಗಿ ಹಿಡಿದು ಎಳೆಯಿರಿ. ಮಸಿ ಮತ್ತೆ ಹಚ್ಚಿ ನೋಡಿ. ಅದು ಪೂರ್ತಿ ಹೋಗುವ ತನಕ 1000ದ ಕಲ್ಲು ಬಿಟ್ಟು ಮೇಲೆ ಹೋಗಬೇಡಿ.