ಅಟ್ಟ ಹತ್ತಿದ ಮೇಲೆ ಯಾಕೆ ಬಂದೆ ಅಂತ ಮರೆತರೆ?

ಪ್ರಶ್ನೆ (ತೀರ್ಥಹಳ್ಳಿ ಕಡೆಯ ಗೃಹಿಣಿ, 49 ವರ್ಷ): ನಮಸ್ಕಾರ ಡಾಕ್ಟ್ರೇ. ಈಚೆಗೆ ಮರೆವು ಜಾಸ್ತಿಯಾಗಿದೆ. ಅಟ್ಟ ಹತ್ತುತ್ತೇನೆ, ಯಾಕೆ ಬಂದೆ ಅಂತ ನೆನಪಾಗುವುದಿಲ್ಲ. ಹಾಲು ಉಕ್ಕಿದ ಮೇಲೇ ಒಲೆ ನೆನಪು. ಗುರುತಿನವರ ಹೆಸರು ನಾಲಿಗೆ ತುದಿಗೆ ಬಂದು ನಿಲ್ಲುತ್ತದೆ. ಅಡಿಕೆ ಕೊಯ್ಲು ಶುರುವಾದ ಮೇಲಂತೂ ಕೇಳುವುದೇ ಬೇಡ. ನಮ್ಮಮ್ಮನಿಗೆ ಕೊನೆಕೊನೆಗೆ ಮಕ್ಕಳ ಗುರುತೇ ಸಿಗುತ್ತಿರಲಿಲ್ಲ. ನನಗೂ ಅದೇನಾ ಅಂತ ಭಯ. ದಿನಾ ಒಂದೆಲಗದ ತಂಬುಳಿ ಮಾಡುತ್ತೇನೆ. ನೆನಪಿನ ಶಕ್ತಿಯ ಪುಡಿಯನ್ನೂ ತರಿಸಲಾ?

ಉತ್ತರ (ಡಾಕ್ಟರ್): ಪುಡಿ ಸದ್ಯಕ್ಕೆ ಬೇಡಮ್ಮ. ಹಾಲಿಡುವಾಗ ನಿಮ್ಮ ತಲೆಯೆಲ್ಲ ಕೆಲಸದವರ ತಿಂಡಿ ಕಾಫಿಯ ಮೇಲಿರುತ್ತದೆ. ಗಮನಕ್ಕೇ ಬಾರದ್ದು ನೆನಪಲ್ಲಿ ಉಳಿಯುವುದು ಹೇಗೆ? ಒಲೆ ಹಚ್ಚಿದ ಕೂಡಲೇ ಮೊಬೈಲಿನಲ್ಲಿ ಅಲಾರಂ ಇಡಿ, ಅದರಲ್ಲೇನೂ ನಾಚಿಕೆಯಿಲ್ಲ. ಸಿಗದ ಹೆಸರು ಸ್ವಲ್ಪ ಹೊತ್ತು ಬಿಟ್ಟು ತಾನೇ ಹೊಳೆಯುತ್ತದೆ ಅಲ್ವಾ? ವಯಸ್ಸಾಗುತ್ತಾ ಎಲ್ಲರಿಗೂ ಹಾಗೆ ತಡವಾಗುತ್ತದೆ. ಅಮ್ಮನಿಗೆ ಬಂದಂಥ ಕಾಯಿಲೆಯಲ್ಲಿ ಸಾಮಾನ್ಯವಾಗಿ ರೋಗಿಗಿಂತ ಮನೆಯವರೇ ಮೊದಲು ಗಾಬರಿಯಾಗುವುದು.

ನನಗೆ ಬೇಕಾದದ್ದು ಬೇರೆ. ರಾತ್ರಿ ಎಷ್ಟು ಗಂಟೆಗೆ ಮಲಗುತ್ತೀರಿ? ಮಾತ್ರೆ ಏನಾದರೂ ತಗೊಳ್ಳುತ್ತೀರಾ?

ಪ್ರಶ್ನೆ: ಅಡಿಕೆ ಸುಲಿದು ಮುಗಿಸುವಾಗ ಹನ್ನೊಂದೂವರೆ. ಬೆಳಿಗ್ಗೆ ನಾಲ್ಕೂವರೆಗೆ ಏಳಲೇಬೇಕು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಇದೆ, ತುಂಬಾ ವರ್ಷವಾಯಿತು. ದಿನಾ ಗ್ಯಾಸ್ ಮಾತ್ರೆ. ನಾವು ಸಸ್ಯಾಹಾರಿಗಳು.

ಉತ್ತರ: ಇಲ್ಲೇ ಇದೆ ನೋಡಿ. ಹಗಲು ಕಂಡದ್ದು, ಕೇಳಿದ್ದು ನೆನಪಾಗಿ ಗಟ್ಟಿಯಾಗುವುದು ನಿದ್ದೆಯಲ್ಲಿ. ದೊಡ್ಡವರಿಗೆ 7 ಗಂಟೆಯಾದರೂ ಬೇಕು, ನಿಮಗೆ 5 ಸಿಗುತ್ತಿದೆ. ಮುಟ್ಟು ನಿಲ್ಲುವ ವಯಸ್ಸೂ ಇದೇ. ಮೈ ಬಿಸಿಯಾಗಿ ಬೆವರಿ ಎಚ್ಚರವಾಗುತ್ತಿದ್ದರೆ ಇನ್ನೂ ಕಷ್ಟ. ಬೆಳಗಿನ ಕೆಲಸದಲ್ಲಿ ಅರ್ಧವನ್ನು ಮನೆಯ ಗಂಡಸರು ಹಂಚಿಕೊಳ್ಳಲಿ. ಇದು ಸಲಹೆಯಲ್ಲ, ಔಷಧಿ ಚೀಟಿ ಅಂತಲೇ ಅವರಿಗೆ ತೋರಿಸಿ.

ಎರಡನೆಯದು ಬಿ12 ವಿಟಮಿನ್. ಸಸ್ಯಾಹಾರಿಗಳಿಗೆ ಇದು ಬರುವುದು ಹೆಚ್ಚಾಗಿ ಹಾಲು ಮೊಸರಿನಿಂದ. ಮೆಟ್‌ಫಾರ್ಮಿನ್, ಗ್ಯಾಸ್ ಮಾತ್ರೆ ಎರಡನ್ನೂ ವರ್ಷಗಟ್ಟಲೆ ತಗೊಂಡರೆ ಅದು ಮೈಗೆ ಹತ್ತುವುದು ಕಡಿಮೆಯಾಗಬಹುದು. ಆಗ ಮರೆವು, ಸುಸ್ತು, ಅಂಗಾಲು ಜುಮುಗುಟ್ಟುವುದು ಎಲ್ಲ ಬರಬಹುದು. ಬಿ12, ಥೈರಾಯ್ಡ್, ಹಿಮೋಗ್ಲೋಬಿನ್, ಸಕ್ಕರೆ ನಾಲ್ಕನ್ನೂ ಪರೀಕ್ಷೆ ಮಾಡಿಸಿ. ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ.

ತಂಬುಳಿ ಬಿಡಬೇಡಿ, ಊಟಕ್ಕೆ ಒಳ್ಳೆಯದು. ಆದರೆ ಕೆಟ್ಟ ನಿದ್ದೆಯನ್ನು ಅದು ತುಂಬಿಕೊಡುವುದಿಲ್ಲ.

ಪ್ರಶ್ನೆ (ಗುಂಪಿನ ಇನ್ನೊಬ್ಬ ಸದಸ್ಯರು): ಹಾಗಾದರೆ ಅಂಗಡಿಯ ಬ್ರಾಹ್ಮಿ ಮಾತ್ರೆ?

ಉತ್ತರ: ಅದು ಹೆಚ್ಚಾಗಿ ನೀರುಬ್ರಾಹ್ಮಿ ಅನ್ನುವ ಬೇರೆ ಗಿಡದ್ದು, ನಮ್ಮ ಒಂದೆಲಗ ಅಲ್ಲ. ಅದರ ಮೇಲೆ ಸಣ್ಣ ಸಣ್ಣ ಅಧ್ಯಯನಗಳಾಗಿವೆ, ಸ್ವಲ್ಪ ಲಾಭ ಕಂಡದ್ದೂ ಉಂಟು. ಕೆಲವರಿಗೆ ಹೊಟ್ಟೆ ತೊಳಸುತ್ತದೆ. ಬೇರೆ ಮಾತ್ರೆ ಇರುವವರು ಸುಮ್ನೆ ಶುರುಮಾಡಬೇಡಿ.

ಪ್ರಶ್ನೆ (ಸಾಗರದ ಸದಸ್ಯರು): ನಮ್ಮಪ್ಪನಿಗೆ 74. ಕೇಳಿದ್ದನ್ನೇ ಹತ್ತು ನಿಮಿಷಕ್ಕೆ ಮತ್ತೆ ಕೇಳುತ್ತಾರೆ. ಮೊನ್ನೆ ತೋಟದಿಂದ ಮನೆಗೆ ಬರುವ ದಾರಿಯೇ ತಪ್ಪಿತು. ವಯಸ್ಸಿನದ್ದೇ ಅಲ್ವಾ ಸರ್?

ಉತ್ತರ: ಅಲ್ಲ. ಇದನ್ನು ತೋರಿಸಲೇಬೇಕು. ಈ ಮಳೆಗಾಲದಲ್ಲಿ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದಿದ್ದರಾ? ವಯಸ್ಸಾದವರಲ್ಲಿ ತಲೆಗೆ ಬಿದ್ದ ಸಣ್ಣ ಪೆಟ್ಟಿಗೂ ಮಿದುಳಿನ ಹೊರಗೆ ನಿಧಾನವಾಗಿ ರಕ್ತ ಸೇರಬಹುದು. ಆಗ ವಾರಗಳಾದ ಮೇಲೆ ಹೀಗೆ ಗೊಂದಲ ಕಾಣಿಸುತ್ತದೆ. ಸ್ಕ್ಯಾನ್‌ನಲ್ಲಿ ಗೊತ್ತಾಗುತ್ತದೆ, ಚಿಕಿತ್ಸೆಯೂ ಇದೆ. ಶಿವಮೊಗ್ಗದ ಮೆಗ್ಗಾನ್‌ನಂಥ ದೊಡ್ಡ ಆಸ್ಪತ್ರೆಗೆ ಈ ವಾರವೇ ಕರೆದುಕೊಂಡು ಹೋಗಿ. ತಲೆನೋವು, ವಾಂತಿ, ಕೈಕಾಲು ಸೋಲುವುದು ಇದ್ದರೆ ಇವತ್ತೇ. ಅವರು ನುಂಗುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಳ್ಳಿ, ನಿದ್ದೆ ಮಾತ್ರೆ, ನೆಗಡಿ ಮಾತ್ರೆಯನ್ನೂ ಬಿಡದೆ. ಅವುಗಳಿಂದಲೂ ಮರೆವು ಬರುವುದುಂಟು.