ರುಂಡ ಇಲ್ಲಿದೆ, ಮುಂಡ ಎಲ್ಲಿ?

ಶನಿವಾರ ಸಂಜೆಯಿಂದ ಭಾನುವಾರ ರಾತ್ರಿವರೆಗೆ ನಮ್ಮ ‘ಅಜ್ಜಿಮನೆ’ ಗ್ರೂಪಿನಲ್ಲಿ ನಡೆದದ್ದು. ಗುಡ್ ಮಾರ್ನಿಂಗ್ ಗುಲಾಬಿಗಳನ್ನೂ ಮಂಡಿನೋವಿನ ಎಣ್ಣೆಯ ಫಾರ್ವರ್ಡನ್ನೂ ತೆಗೆದಿದ್ದೇನೆ, ಉಳಿದದ್ದು ಇದ್ದ ಹಾಗೇ ಇದೆ. ಸುಮಕ್ಕ, ಭಾವ ಬ್ಯಾಂಕಾಕಿಗೆ ಹೋಗಿ ನಾಲ್ಕು ತಿಂಗಳಾಯಿತು. ಪಚ್ಚು ಅತ್ತೆಯ ಮಗ, ಆರ್ಕಿಟೆಕ್ಚರ್ ನಾಲ್ಕನೇ ವರ್ಷ. ಹೋದ ವರ್ಷ ಕಾಲೇಜಿನವರ ಜೊತೆ ಹತ್ತು ದಿನ ಥಾಯ್ಲೆಂಡ್ ನೋಡಿಕೊಂಡು ಬಂದಿದ್ದಾನೆ. ಹತ್ತು ದಿನಕ್ಕೇ ಇಷ್ಟು.

ಸುಮಕ್ಕ ಬ್ಯಾಂಕಾಕ್: (ಫೋಟೋ) ಕೊನೆಗೂ ಹಾಲ್ ರೆಡಿ!! ಪೂರ್ತಿ ಥಾಯ್ ಥೀಮ್. ಸೋಫಾ ಒಂದು ಬಿಟ್ಟು ಎಲ್ಲಾ ಇಲ್ಲಿಂದೇ. ಹೇಗಿದೆ ಹೇಳಿ

ಬಿಳಿ ಗೋಡೆ, ಬೂದು ಸೋಫಾ, ಅದರ ಮೇಲೆ ನವಿಲುಬಣ್ಣದ ರೇಷ್ಮೆ ದಿಂಬು. ನೆಲದಲ್ಲಿ ಮೂರು ಮೂಲೆಯ ಇನ್ನೊಂದು ದಿಂಬು. ಅಡುಗೆಮನೆ ಬಾಗಿಲ ಮೇಲೆ ಕೆತ್ತನೆಯ ಮರದ ಹಲಗೆ. ಮುಂಬಾಗಿಲ ಪಕ್ಕ ಗಿಡ್ಡ ಮೇಜು, ಮೇಜಿನ ಮೇಲೆ ಮೊಳದೆತ್ತರದ ಬುದ್ಧನ ತಲೆ.

ಅತ್ತೆ ಶಿವಮೊಗ್ಗ: ತುಂಬಾ ಚೆನ್ನಾಗಿದೆ ಪುಟ್ಟಿ. ದಿಂಬಿಗೆ ಎಷ್ಟು ಕೊಟ್ಟೆ

ಅತ್ತೆ ಶಿವಮೊಗ್ಗ: ರೇಷ್ಮೆ ಮೇಲೆ ಕೂತ್ಕೋತಾರಾ ಯಾರಾದ್ರೂ

ದೊಡ್ಡಪ್ಪ: ಬಹಳ ಸೊಗಸಾಗಿದೆ ಸುಮಾ. ಮೂರು ಮೂಲೆಯ ಆ ವಸ್ತು ಒರಗುವುದಕ್ಕೋ?

ಸುಮಕ್ಕ ಬ್ಯಾಂಕಾಕ್: ಹೌದು ದೊಡ್ಡಪ್ಪ. ‘ಮೊನ್ ಖ್ವಾನ್’, ಕೊಡಲಿ ದಿಂಬು ಅಂತ ಅರ್ಥ. ಒಳಗೆ ಬೂರುಗದ ಹತ್ತಿ, ಕಲ್ಲಿನ ಥರ ಗಟ್ಟಿ. ಯಸೋಥೋನ್ ಕಡೆ ಸೀ ಥಾನ್ ಅಂತ ಹಳ್ಳಿ ಇದೆ, ಈ ದಿಂಬಿಗೇ ಹೆಸರುವಾಸಿ

ದೊಡ್ಡಪ್ಪ: ಜಗಲಿಯ ಒರಗುದಿಂಬಿನ ಹಾಗೆ. ಬರುವಾಗ ನನ್ನ ಬೆನ್ನಿಗೊಂದು ತಾ. ಪೆನ್ನು ಹಾಕಿಟ್ಟಿರುವ ಬಣ್ಣದ ಭರಣಿ?

ಸುಮಕ್ಕ ಬ್ಯಾಂಕಾಕ್: ಬೆಂಜರೋಂಗ್. ಹಿಂದೆ ಅರಮನೆಗೆ ಅಂತ ಚೀನಾದಲ್ಲಿ ಮಾಡಿಸ್ತಿದ್ರಂತೆ

ದೊಡ್ಡಪ್ಪ: ಬೆಂಜ ರೋಂಗ್. ಪಂಚರಂಗ! ಐದು ಬಣ್ಣ ಎಣಿಸಿ ನೋಡು.

ಪಚ್ಚು: ಅಕ್ಕಾ ದಿಂಬು ಸೂಪರ್. ಆದ್ರೆ ಬುದ್ಧನ ತಲೇನ ಶೂ ರ‍್ಯಾಕ್ ಮೇಲೆ ಇಟ್ಟಿದೀಯಲ್ಲ

ಸುಮಕ್ಕ ಬ್ಯಾಂಕಾಕ್: ಶೂ ರ‍್ಯಾಕ್ ಅಲ್ವೋ, ಕನ್ಸೋಲ್ ಟೇಬಲ್

ಪಚ್ಚು: ಕೆಳಗಿನ ಖಾನೇಲಿ ಭಾವನ ಚಪ್ಪಲಿ ಕಾಣ್ತಿದೆ

ಸುಮಕ್ಕ ಬ್ಯಾಂಕಾಕ್: ಜೂಮ್ ಮಾಡಿ ಹುಳುಕು ಹುಡುಕೋ ಬುದ್ಧಿ ಬಿಡು

ಪಚ್ಚು: ಏರ್‌ಪೋರ್ಟಿಂದ ಬರೋ ದಾರೀಲಿ ದೊಡ್ಡ ಬೋರ್ಡು ನೋಡಿಲ್ವಾ? ಬುದ್ಧ ಅಲಂಕಾರಕ್ಕಲ್ಲ ಅಂತ

ಸುಮಕ್ಕ ಬ್ಯಾಂಕಾಕ್: ನೋಡಿದೀನಿ. ಅದು ಕಾಲಿನ ಮೇಲೆ ಬುದ್ಧನ ಟ್ಯಾಟೂ ಹಾಕಿಸ್ಕೊಳ್ತಾರಲ್ಲ, ಅಂಥ ಟೂರಿಸ್ಟ್‌ಗಳಿಗೆ. ಚಟುಚಾಕ್ ಸಂತೇಲಿ ರಾಶಿ ಹಾಕ್ಕೊಂಡು ಮಾರ್ತಾರೆ, ತಪ್ಪಾಗಿದ್ರೆ ಮಾರ್ತಿದ್ರಾ

ಸುಮಕ್ಕ ಬ್ಯಾಂಕಾಕ್: ಬೆಂಗಳೂರಲ್ಲಿ ಯಾವ ಸ್ಪಾಗೆ ಹೋಗು, ಯಾವ ಹಲ್ಲಿನ ಡಾಕ್ಟ್ರ ಹತ್ರ ಹೋಗು, ಮೂಲೇಲಿ ಬುದ್ಧ, ಪಕ್ಕದಲ್ಲಿ ನೀರು ಗುಳುಗುಳು. ಅವರಿಗೆಲ್ಲ ಹೇಳು ಹೋಗು

ನಾನು: ನಮ್ಮನೇಲೂ ಒಂದಿದೆ

ಕಳಿಸಿದ ಮೇಲೆ ಎದ್ದು ಹೋಗಿ ನೋಡಿದೆ. ಟೀವಿ ಪಕ್ಕದ ಬುದ್ಧನ ಕಿವಿಗೆ ನಾನೇ ಚಾರ್ಜರ್ ವೈರು ಸುತ್ತಿಟ್ಟಿದ್ದೆ. ಗ್ರೂಪಿನಲ್ಲಿ ಇದನ್ನು ಹೇಳಲಿಲ್ಲ.

ಅಜ್ಜಿ: (ವಾಯ್ಸ್ ಮೆಸೇಜು, ಹಿಂದೆ ಕುಕ್ಕರ್ ಸದ್ದು) ಸುಮಾ, ತಲೆ ಒಂದೇ ಯಾಕೆ ತಂದೆ? ರುಂಡ ಇಲ್ಲಿದೆ, ಮುಂಡ ಎಲ್ಲಿ?

ಸುಮಕ್ಕ ಬ್ಯಾಂಕಾಕ್: ಅಜ್ಜೀ ಯಾರೂ ಕಡಿದಿಲ್ಲ. ಅಚ್ಚಲ್ಲಿ ಹೊಯ್ದಿದ್ದು, ರೆಸಿನ್

ಪಚ್ಚು: ಅಜ್ಜಿ ಕೇಳಿದ್ದೇ ಪಾಯಿಂಟು. ಹಳೇ ರಾಜಧಾನಿ ಅಯುತ್ಥಯಕ್ಕೆ ಹೋಗಿ ಬಾ, ಒಂದೂವರೆ ಗಂಟೆ ದಾರಿ. ಸಾಲಾಗಿ ಕೂತಿರೋ ಬುದ್ಧರಿಗೆ ತಲೇನೇ ಇಲ್ಲ. 1767ರಲ್ಲಿ ಬರ್ಮಾದವರು ಊರು ಸುಟ್ಟಾಗ ಒಂದಷ್ಟು ಹೋಯ್ತು. ಆಮೇಲೆ ಕಳ್ಳರು. ಇಡೀ ಮೂರ್ತಿ ಹೊರೋಕಾಗಲ್ಲ, ತಲೆ ಆದ್ರೆ ಚೀಲಕ್ಕೆ ಹಾಕ್ಕೊಂಡು ಹೋಗಬಹುದು. ಅದು ಹೊರದೇಶದ ಶೋಕೇಸ್ ಸೇರ್ತು. ಅದನ್ನ ನೋಡಿ ನೋಡಿ ಬಂದ ಫ್ಯಾಷನ್ ನಿನ್ನ ರೆಸಿನ್ ತಲೆ

ದೊಡ್ಡಪ್ಪ: ಮರದ ಬೇರುಗಳ ನಡುವೆ ಸಿಕ್ಕಿಕೊಂಡ ತಲೆಯೂ ಅಲ್ಲಿಯದೇ ಅಲ್ಲವೇ?

ಪಚ್ಚು: ಹೂಂ ಮಾವ, ವಾಟ್ ಮಹಾಥಾಟ್. ವಾಟ್ ಅಂದ್ರೆ ಬೌದ್ಧರ ಗುಡಿ. ಅದರ ಮುಂದೆ ಫೋಟೋ ಬೇಕಾದ್ರೆ ಕುಕ್ಕರುಗಾಲಲ್ಲಿ ಕೂರಬೇಕು. ನಮ್ಮ ತಲೆ ಬುದ್ಧನ ತಲೆಗಿಂತ ಮೇಲೆ ಹೋಗಬಾರದು. ಮನೇಲೂ ಅಷ್ಟೇ, ‘ಹಿಂಗ್ ಫ್ರ’ ಅಂತ ಎತ್ತರದಲ್ಲಿ ಗೂಡು ಇರತ್ತೆ. ಅಕ್ಕನ ಮನೇಲಿ ನನ್ನ ಮಂಡಿ ಎತ್ತರಕ್ಕಿದೆ

ಸುಮಕ್ಕ ಬ್ಯಾಂಕಾಕ್: ಹಾಗಾದ್ರೆ ಜಿಮ್ ಥಾಂಪ್ಸನ್ ಮನೆ? ಥಾಯ್ ರೇಷ್ಮೇನ ಲೋಕಕ್ಕೆಲ್ಲ ಮಾರಿದ ಅಮೆರಿಕದವನು. ಹಳೇ ತೇಗದ ಮನೆ ಆರು ತಂದು ಜೋಡಿಸಿ 1959ರಲ್ಲಿ ಒಂದು ಮನೆ ಮಾಡ್ಕೊಂಡ. ಕೆತ್ತನೆ ಕೋಣೆಯೊಳಗೆ ಕಾಣಲಿ ಅಂತ ಗೋಡೇನೇ ತಿರುಗಿಸಿ ನಿಲ್ಲಿಸಿದ. ಈಗ ಅದು ಮ್ಯೂಸಿಯಂ, ನಾವೂ ಟಿಕೆಟ್ ತಗೊಂಡು ನೋಡಿ ಬಂದ್ವಿ. ಅವನು ಮಾಡಿದ್ರೆ ಕಲೆ, ನಾನು ಮಾಡಿದ್ರೆ ಅಪಚಾರ?

ಪಚ್ಚು: ಅವನೂ ತಲೆ ಇಟ್ಟಿದ್ದ. ಸೀ ಥೆಪ್ ಅನ್ನೋ ಹಳೇ ಊರಿನ ಹತ್ರದ ಗುಹೆಯಿಂದ ಬಂದ ಸುಣ್ಣಕಲ್ಲಿನವು. 1962ರಲ್ಲಿ ಲಲಿತಕಲಾ ಇಲಾಖೆಯವರು ಮನೆಗೇ ಬಂದು ಎತ್ಕೊಂಡು ಹೋದ್ರು

ಸುಮಕ್ಕ ಬ್ಯಾಂಕಾಕ್: ಈಗ ಗೂಗಲ್ ಮಾಡಿದ್ಯಾ

ಪಚ್ಚು: ಅಸೈನ್‌ಮೆಂಟು. ಆ ಇಲಾಖೆ ಲಾಂಛನ ಯಾರು ಗೊತ್ತಾ? ಗಣಪತಿ

ದೊಡ್ಡಪ್ಪ: ಅಲ್ಲಿಯ ಪನೋಮ್ ರುಂಗ್ ದೇವಸ್ಥಾನದ ಬಾಗಿಲ ಮೇಲಿನ ಅನಂತಶಯನವೂ ಹೀಗೆಯೇ ಕಳುವಾಗಿ ಶಿಕಾಗೋದ ಮ್ಯೂಸಿಯಮ್ಮಿನಲ್ಲಿ ಸಿಕ್ಕಿತು. 1988ರಲ್ಲಿ ವಾಪಸು ಕೊಟ್ಟರು. ಪೇಪರಿನಲ್ಲಿ ಓದಿದ ನೆನಪು, ಆಗ ನಾನು ಸಾಗರದಲ್ಲಿದ್ದೆ.

ದೊಡ್ಡಪ್ಪ ಎಲ್ಲ ಇಸವಿಗಳನ್ನೂ ತಮ್ಮ ವರ್ಗಾವಣೆಯ ಲೆಕ್ಕದಲ್ಲೇ ನೆನಪಿಟ್ಟುಕೊಂಡಿದ್ದಾರೆ.

ಸುಮಕ್ಕ ಬ್ಯಾಂಕಾಕ್: ಬಾಲ್ಕನಿಗೆ ಒಂದು ಸ್ಪಿರಿಟ್ ಹೌಸ್ ತಂದು ಒಳಗೆ ಎಲ್‌ಇಡಿ ಹಾಕೋಣ ಅಂತಿದ್ದೆ. ಅದನ್ನೂ ಹೇಳಿಬಿಡ್ತೀನಿ, ಒಟ್ಟಿಗೇ ಬೈದುಬಿಡಿ

ಅತ್ತೆ ಶಿವಮೊಗ್ಗ: ಹಾಗಂದ್ರೇನು

ಭಾವ: ಪುಟ್ಟ ಗುಡಿ ಅತ್ತೆ, ಕಂಬದ ಮೇಲೆ. ಜಾಗ ಕಾಯೋ ದೈವಕ್ಕೆ. ನಮ್ಮ ಬಿಲ್ಡಿಂಗಿನದು ಕೆಳಗೆ ಗೇಟ್ ಹತ್ರ ಇದೆ. ಸೆಕ್ಯುರಿಟಿಯವರು ದಿನಾ ಹೂ ಹಾಕಿ ಕೆಂಪು ಫ್ಯಾಂಟಾ ಬಾಟ್ಲು ಇಡ್ತಾರೆ, ಸ್ಟ್ರಾ ಸಮೇತ

ಅಜ್ಜಿ: (ವಾಯ್ಸ್ ಮೆಸೇಜು) ಚೌಡಿ ಬನ ಅನ್ನು. ಚೌಡೀನ ತಂದು ಬಾಲ್ಕನೀಲಿ ಕೂರಿಸಿ ಲೈಟು ಹಾಕ್ತಾಳಂತೆ. ಮಲಕ್ಕೋ ಹೋಗೆ.

ಅಲ್ಲಿ ಒಂದೂವರೆ ಗಂಟೆ ಮುಂದೆ. ಸುಮಕ್ಕ ನಿಜವಾಗಿಯೂ ಮಲಗಿದಳು. ಭಾನುವಾರ ಬೆಳಿಗ್ಗೆ ಹೊಸ ಫೋಟೋದೊಂದಿಗೆ ಎದ್ದಳು.

ಸುಮಕ್ಕ ಬ್ಯಾಂಕಾಕ್: (ಫೋಟೋ) ತಲೆ ವಿಷಯ ಬಿಡಿ. ಈ ಹಲಗೆ ಬಗ್ಗೆ ಯಾರೂ ಒಂದು ಮಾತಾಡ್ಲಿಲ್ಲ. ಎಲ್ಲಕ್ಕಿಂತ ದುಬಾರಿ ಇದೇ. ಚಿಯಾಂಗ್ ಮಾಯ್ ಹತ್ರ ಬಾನ್ ತವಾಯ್ ಅಂತ ಕೆತ್ತನೆಯವರ ಊರು, ಅಲ್ಲಿ ತಗೊಂಡಿದ್ದು. ಯಾವುದೋ ಹಳೇ ಮನೆಯದಂತೆ

ದೊಡ್ಡಪ್ಪ: ಹಳೆಯ ತೇಗವೇ ಇರಬೇಕು. 1988ರ ನೆರೆಯಲ್ಲಿ ಗುಡ್ಡ ಜಾರಿ ಜನ ಸತ್ತ ಮೇಲೆ, ಮರುವರ್ಷವೇ ಅಲ್ಲಿ ಕಾಡು ಕಡಿಯುವುದನ್ನು ನಿಲ್ಲಿಸಿದರು. ಬಳ್ಳಿಯ ಕೆಲಸ ಅಪೂರ್ವವಾಗಿದೆ.

ಭಾವ: ಅದರ ಬಗ್ಗೆ ಒಂದು ವಿಷಯ ಇದೆ

ಭಾವ: ಮನೆಗೆಲಸಕ್ಕೆ ಬರೋ ಅಕ್ಕ ಲಂಪಾಂಗ್ ಕಡೆಯವರು. ಈಗ ಬಂದು ಅದನ್ನ ನೋಡಿ, ಕೈಲಿದ್ದ ಬಟ್ಟೆ ಬಿಟ್ಟು ನಕ್ಕಿದ್ದೇ ನಕ್ಕಿದ್ದು

ಅತ್ತೆ ಶಿವಮೊಗ್ಗ: ಯಾಕಂತೆ

ಭಾವ: ಅದು ಅಡುಗೆಮನೆಗಲ್ಲವಂತೆ. ಮಲಗೋ ಕೋಣೆ ಬಾಗಿಲಿಗೆ

ಭಾವ: (ಈ ಮೆಸೇಜ್ ಅಳಿಸಲಾಗಿದೆ)

ಅತ್ತೆ ಶಿವಮೊಗ್ಗ: ಏನ್ ಡಿಲೀಟ್ ಮಾಡಿದ್ರಿ

ಪಚ್ಚು: ನಾನು ಓದ್ಬಿಟ್ಟೆ

ಅತ್ತೆ ಶಿವಮೊಗ್ಗ: ಏನೋ ಅದು, ಹೇಳೋ

ಪಚ್ಚು: ಅದರ ಹೆಸರು ‘ಹಮ್ ಯೋನ್’ ಅಮ್ಮ. ಯೋನ್ ಅಂದ್ರೆ ನಮ್ಮ ಯಂತ್ರಾನೇ

ಅತ್ತೆ ಶಿವಮೊಗ್ಗ: ಹಮ್ ಅಂದ್ರೆ?

ಇಪ್ಪತ್ತು ನಿಮಿಷ ಒಂದೇ ಒಂದು ಮೆಸೇಜಿಲ್ಲ. ದೊಡ್ಡಪ್ಪನ ಹೆಸರಿನ ಪಕ್ಕ ‘ಟೈಪಿಂಗ್’ ಬರುತ್ತಿತ್ತು, ಹೋಗುತ್ತಿತ್ತು.

ದೊಡ್ಡಪ್ಪ: ವೃಷಣ.

ದೊಡ್ಡಪ್ಪ: ಇದರಲ್ಲಿ ನಾಚುವಂಥದ್ದು ಏನಿಲ್ಲ. ಯಜಮಾನನ ಶಕ್ತಿಯನ್ನೂ ಮನೆಯನ್ನೂ ಕಾಯುವ ರಕ್ಷೆ ಎಂದು ತಿಳಿಯಬೇಕು.

ಅತ್ತೆ ಶಿವಮೊಗ್ಗ: ಅದನ್ನ ಇವಳು ಅಡುಗೆಮನೆ ಬಾಗಿಲಿಗೆ ಹಾಕಿದಾಳಾ

ಅಜ್ಜಿ: (ವಾಯ್ಸ್ ಮೆಸೇಜು, 19 ಸೆಕೆಂಡು. ಹದಿನಾರು ಸೆಕೆಂಡು ಬರೀ ನಗು) ಒಗ್ಗರಣೆ ಹೊಗೆ ತಾಗತ್ತೆ, ತೆಗೀರೋ ಅದನ್ನ.

ಪಚ್ಚು: ಇನ್ನೂ ಇದೆ. ಆ ಉತ್ತರದ ಕಡೆಗೆ ಲಾನ್ನಾ ಸೀಮೆ ಅಂತಾರೆ, ಅಲ್ಲಿನ ಮನೆಗಳಲ್ಲಿ ಅದರ ಉದ್ದ ಯಜಮಾನನ ಪಾದದ ಲೆಕ್ಕದಲ್ಲಿ. ಮನೆ ಬೇರೆಯವರ ಕೈಗೆ ಹೋದ್ರೆ, ಹಳಬನ ಶಕ್ತಿ ಇಳೀಲಿ ಅಂತ ಹೊಸಬ ಬಂದು ಅದಕ್ಕೆ ಹೊಡೀತಿದ್ನಂತೆ. ಅಂದ್ರೆ ನಿಮ್ಮನೇಲಿ ಈಗ ತೂಗ್ತಿರೋದು ಯಾರದ್ದೋ

ಭಾವ: ಸಾಕು ಪಚ್ಚು

ದೊಡ್ಡಪ್ಪ: ಇದು ಆಯದ ಲೆಕ್ಕವೇ. ನಮ್ಮಲ್ಲೂ ಯಜಮಾನನ ಕೈಯಳತೆ ಹಿಡಿದು ಆಯ ಕಟ್ಟುತ್ತಿದ್ದರು. ಇನ್ನೊಬ್ಬರ ಆಯದ ಬಾಗಿಲನ್ನು ತಂದು ಯಾರಾದರೂ ತಮ್ಮ ಮನೆಗೆ ಇಡುತ್ತಾರೆಯೇ ಸುಮಾ?

ಸುಮಕ್ಕ ಬ್ಯಾಂಕಾಕ್: ನಕ್ಕಿದ್ದು ಮುಗೀತಾ ಎಲ್ಲರದ್ದೂ?

ಸುಮಕ್ಕ ಬ್ಯಾಂಕಾಕ್: ಊರಮನೆ ಕೆಡವಿದಾಗ ನಮ್ಮ ಗಿಳಿ ಬಾಗಿಲು ಎಲ್ಲಿ ಹೋಯ್ತು ದೊಡ್ಡಪ್ಪ? ನಾಲ್ಕು ಜನ ಹೊತ್ತು ಲಾರಿಗೆ ಹಾಕಿದ್ದು ನಾನು ನೋಡಿದೀನಿ. ಯಾವ ರೆಸಾರ್ಟಲ್ಲಿ ಊಟದ ಮೇಜಾಗಿದೆಯೋ. ಅದಕ್ಕೂ ಯಾರದ್ದೋ ಆಯ ಇತ್ತಲ್ವಾ

ದೊಡ್ಡಪ್ಪ: ಗೆದ್ದಲು ಹಿಡಿದಿತ್ತು.

ಅಜ್ಜಿ ಆನ್‌ಲೈನ್ ಇದ್ದರು. ಏನೂ ಹೇಳಲಿಲ್ಲ.

ದೊಡ್ಡಪ್ಪ: ಅಷ್ಟೇನೂ ಹಿಡಿದಿರಲಿಲ್ಲ. ಎಂಟು ಸಾವಿರಕ್ಕೆ ಕೊಟ್ಟೆ.

ಮಧ್ಯಾಹ್ನವಿಡೀ ಯಾರೂ ಮಾತಾಡಲಿಲ್ಲ. ಪಚ್ಚುವಿಗೆ ಅತ್ತೆ ಮನೆಯಲ್ಲಿ ಬೈದಿರಬೇಕು, ಸಂಜೆ ಅವನೇ ಮೊದಲು ಬಂದ.

ಪಚ್ಚು: ಅಕ್ಕ ಸಾರಿ. ಹಲಗೆ ನಿಜವಾಗ್ಲೂ ಚೆನ್ನಾಗಿದೆ

ಸುಮಕ್ಕ ಬ್ಯಾಂಕಾಕ್: ಗೊತ್ತು ನಂಗೆ

ಭಾವ: ಆ ಅಕ್ಕ ಹೇಳಿದ್ರು, ಬೇಡವಾದ ಮೂರ್ತಿಗಳನ್ನ ಇಲ್ಲಿ ವಾಟ್‌ನ ಅರಳಿಮರದ ಬುಡದಲ್ಲಿ ಇಟ್ಟು ಬರ್ತಾರಂತೆ

ಅತ್ತೆ ಶಿವಮೊಗ್ಗ: ನಾವೂ ಒಡೆದ ಪಟ ಅರಳಿಕಟ್ಟೆಗೇ ಇಡೋದು

ಸುಮಕ್ಕ ಬ್ಯಾಂಕಾಕ್: ನಾನು ಎಲ್ಲೂ ಇಡಲ್ಲ. ಪುಸ್ತಕದ ಕಪಾಟಿನ ಮೇಲೆ ಹತ್ತಿಸಿದೀನಿ, ಇವರ ತಲೆಗಿಂತ ಎತ್ತರ ಇದೆ. ಅಷ್ಟು ಸಾಕು

ಭಾವ: (ಫೋಟೋ)

ಮಲಗುವ ಕೋಣೆಯ ನೆಲದ ಮೇಲೆ ಹಲಗೆ, ಪಕ್ಕದಲ್ಲಿ ಭಾವನ ಬರಿಗಾಲು, ಮಧ್ಯೆ ಹಳದಿ ಟೇಪು.

ಪಚ್ಚು: ಭಾವಾ ಕೂಡ್ತಾ?

ಭಾವ: ಎರಡಿಂಚು ಜಾಸ್ತಿ

ಅತ್ತೆ ಶಿವಮೊಗ್ಗ: ಸುಮಾ ದಿಂಬಿಗೆ ಎಷ್ಟು ಅಂತ ಹೇಳ್ಲೇ ಇಲ್ಲ

ರಾತ್ರಿ ಹತ್ತರ ಮೇಲೆ ದೊಡ್ಡಪ್ಪ ಗ್ರೂಪಿಗೆ ಹಾಕದೆ ನನಗೊಬ್ಬನಿಗೇ ಬರೆದರು: ‘ಆ ಬಾಗಿಲಿನ ಫೋಟೋ ಯಾರ ಹತ್ತಿರವಾದರೂ ಇದೆಯೇ?’ ಸುಮಕ್ಕನ ನಾಮಕರಣದ ಆಲ್ಬಮ್ಮಿನಲ್ಲಿ, ತೊಟ್ಟಿಲಿನ ಹಿಂದೆ ಅರ್ಧ ಬಾಗಿಲು ಕಾಣುತ್ತದೆ. ಮೊಬೈಲಿನಲ್ಲೇ ತೆಗೆದು ಕಳಿಸಿದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು.

‘ಎಡಗಡೆಯ ಗಿಳಿಗೆ ಕೊಕ್ಕಿಲ್ಲ, ನೋಡು. ಚಿಣ್ಣಿದಾಂಡು ಆಡುವಾಗ ಮುರಿದದ್ದು ನಾನು. ಪೆಟ್ಟು ತಿಂದದ್ದು ನಿನ್ನಪ್ಪ.’